ಲಾಕ್‌ಡೌನ್ ಬಂದರೂ ಮನೆ ಸಾಲ ಅಲುಗದಿರಲು ಏಳು ಹೆಜ್ಜೆ

2020ರ ಮಾರ್ಚ್ 25ರಂದು 21 ದಿನಗಳಿಗೆಂದು ಶುರುವಾದ ಲಾಕ್‌ಡೌನ್ ಮೇ 31ರವರೆಗೂ ಎಳೆಯಿತು. ಮರುವರ್ಷ ಏಪ್ರಿಲ್ 27ರಿಂದ ಕರ್ನಾಟಕ ಮತ್ತೆ ಬಾಗಿಲು ಹಾಕಿತು. ಇನ್ನೇನು ಬೆಂಗಳೂರಿನಲ್ಲಿ ಫ್ಲ್ಯಾಟಿನ ರೇಟು ಬೀಳುತ್ತದೆ, ಆಗ ಕೊಂಡರಾಯಿತು ಎಂದು ಕಾದವರು ಬಹಳ ಮಂದಿ. ರೇಟು ಅವರೆಣಿಸಿದಷ್ಟು ಬೀಳಲಿಲ್ಲ. ಅಷ್ಟರಲ್ಲಿ ಬೇರೆಲ್ಲವೂ ಅಲುಗಿತ್ತು: ಮೊದಲು ಸಂಬಳ, ಆಮೇಲೆ ಬಡ್ಡಿ, ಆಮೇಲೆ ಮನೆ ಕೈಗೆ ಬರುವ ದಿನಾಂಕ, ಕೊನೆಗೆ ಸರ್ಕಾರದ ಶುಲ್ಕ. ಆರ್ಥಿಕತೆ ನಿಂತಾಗ ಮನೆಯ ದರ ಎಲ್ಲಕ್ಕಿಂತ ನಿಧಾನವಾಗಿ ಕದಲುತ್ತದೆ. ಆದ್ದರಿಂದ ಮನೆ ಕೊಳ್ಳುವವರು, ಕೊಂಡು ಕಂತು ಕಟ್ಟುತ್ತಿರುವವರು ಲೆಕ್ಕ ಹಾಕಬೇಕಾದದ್ದೂ ಇದೇ ಕ್ರಮದಲ್ಲಿ.

1. ಸಂಬಳ ಎಲ್ಲಿಂದ ಬರುತ್ತದೆ ನೋಡಿ

ಲಾಕ್‌ಡೌನಿನ ಪೆಟ್ಟು ಎಲ್ಲರಿಗೂ ಒಂದೇ ಸಮ ಬೀಳಲಿಲ್ಲ. ಐಟಿ ಕಂಪನಿಗಳ ಕೆಲಸ ಮನೆಗೆ ಬಂತು, ಸಂಬಳ ಬಹುಪಾಲು ನಡೆಯಿತು. ಹೋಟೆಲು, ಪ್ರವಾಸೋದ್ಯಮ, ಟ್ಯಾಕ್ಸಿ, ಮದುವೆ ಛತ್ರ, ಪಿ.ಜಿ. ನಡೆಸುವವರ ಆದಾಯ ಒಂದೇ ವಾರದಲ್ಲಿ ನಿಂತಿತು. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದು, ಇಬ್ಬರೂ ಒಂದೇ ಉದ್ಯಮದಲ್ಲಿದ್ದರೆ ಅಪಾಯ ಇಮ್ಮಡಿ. ಬ್ಯಾಂಕು ಇಬ್ಬರ ಆದಾಯವನ್ನೂ ಕೂಡಿಸಿ ಸಾಲ ಕೊಡಬಹುದು. ನಿಮ್ಮ ಲೆಕ್ಕದಲ್ಲಿ ಮಾತ್ರ ಒಬ್ಬರ ಸಂಬಳದಿಂದಲೇ ಕಂತು ಮತ್ತು ದಿನಸಿ ಖರ್ಚು ಎರಡೂ ನಡೆಯಬೇಕು.

2. ಆರು ಕಂತು ಬದಿಗಿಡಿ

ಡೌನ್ ಪೇಮೆಂಟಿಗೆಂದು ಕೈಯಲ್ಲಿರುವುದನ್ನೆಲ್ಲ ಸುರಿಯಬೇಡಿ. ಕನಿಷ್ಠ ಆರು ತಿಂಗಳ ಇಎಂಐ ಮತ್ತು ಮನೆಖರ್ಚನ್ನು ಬೇಕೆಂದಾಗ ತೆಗೆಯುವಂಥ ಠೇವಣಿಯಲ್ಲಿಡಿ. 2020ರಲ್ಲಿ ಭವಿಷ್ಯ ನಿಧಿಯಿಂದ ಮೂರು ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ, ಅಥವಾ ಖಾತೆಯ ಶೇ 75, ಇವೆರಡರಲ್ಲಿ ಕಡಿಮೆಯಾದಷ್ಟನ್ನು ಮರಳಿ ಕಟ್ಟಬೇಕಿಲ್ಲದ ಮುಂಗಡವಾಗಿ ತೆಗೆಯಲು ಅವಕಾಶವಿತ್ತು. ಅಂಥ ಅವಕಾಶ ಮತ್ತೆ ಬಂದರೂ ಅದನ್ನು ಕೊನೆಯ ದಾರಿಯಾಗಿ ಇಟ್ಟುಕೊಳ್ಳಿ. ಇವತ್ತಿನ ಕಂತಿಗೆಂದು ತೆಗೆದ ಹಣ ನಿವೃತ್ತಿಯ ದಿನಗಳದ್ದು.

3. ಬಡ್ಡಿ ಯಾವುದಕ್ಕೆ ಜೋಡಿಸಿದೆ, ಕೇಳಿ

ರಿಸರ್ವ್ ಬ್ಯಾಂಕು ತಾನು ಬ್ಯಾಂಕುಗಳಿಗೆ ಸಾಲ ಕೊಡುವ ರೆಪೊ ದರವನ್ನು 2020ರ ಮಾರ್ಚ್ 27ರಂದು ಶೇ 5.15ರಿಂದ 4.40ಕ್ಕೆ, ಮೇ 22ರಂದು ಶೇ 4ಕ್ಕೆ ಇಳಿಸಿತು. ಆದರೆ ಎಲ್ಲರ ಬಡ್ಡಿಯೂ ಅಷ್ಟೇ ವೇಗದಲ್ಲಿ ಇಳಿಯಲಿಲ್ಲ. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಬದಲಾಗುವ ಬಡ್ಡಿಯಲ್ಲಿ ಕೊಟ್ಟ ಗೃಹಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿದ್ದವು, ಅವುಗಳಿಗೆ ಲಾಭ ಬೇಗ ಸಿಕ್ಕಿತು. ಬ್ಯಾಂಕಿನ ಒಳಗಿನ ದರಗಳಾದ ಹಳೆಯ ಎಂಸಿಎಲ್‌ಆರ್ ಅಥವಾ ಬೇಸ್ ರೇಟ್ ಸಾಲದವರು ಕಾಯಬೇಕಾಯಿತು. ನಿಮ್ಮದು ಹಳೆಯ ಪದ್ಧತಿಯ ಸಾಲವಾಗಿದ್ದರೆ ಶಾಖೆಗೆ ಹೋಗಿ ಬದಲಾಯಿಸಲು ಅರ್ಜಿ ಕೊಡಿ. ಅದಕ್ಕೆ ತಗಲುವ ಶುಲ್ಕವನ್ನೂ ಉಳಿಯುವ ಬಡ್ಡಿಯನ್ನೂ ತಾಳೆ ಹಾಕಿ ನೋಡಿ.

ಇಳಿದ ಬಡ್ಡಿ ಇಳಿದೇ ಇರುವುದಿಲ್ಲ. 2021ರಲ್ಲಿ ಗೃಹಸಾಲ ಶೇ 7ಕ್ಕಿಂತ ಕೆಳಗೆ ಸಿಗುತ್ತಿತ್ತು. 2022ರ ಮೇ ತಿಂಗಳಿಂದ ಏರತೊಡಗಿದ ರೆಪೊ 2023ರ ಫೆಬ್ರುವರಿಯಲ್ಲಿ ಶೇ 6.50 ಮುಟ್ಟಿತು. 20 ವರ್ಷದ 30 ಲಕ್ಷ ರೂಪಾಯಿ ಸಾಲಕ್ಕೆ ಶೇ 7ರಲ್ಲಿ ಕಂತು ಸುಮಾರು 23,260 ರೂಪಾಯಿ, ಶೇ 9.5ರಲ್ಲಿ ಸುಮಾರು 27,960. ಎರಡನೇ ಮೊತ್ತ ಕಟ್ಟಬಲ್ಲೆ ಎನಿಸಿದರೆ ಮಾತ್ರ ಮೊದಲನೆಯದಕ್ಕೆ ಸಹಿ ಹಾಕಿ. ಬಡ್ಡಿ ಏರಿದಾಗ ಬ್ಯಾಂಕುಗಳು ಕಂತನ್ನು ಹಾಗೇ ಬಿಟ್ಟು ವರ್ಷಗಳನ್ನು ಬೆಳೆಸುವುದು ರೂಢಿ. ಕಂತು ಹೆಚ್ಚಿಸಬೇಕೆ, ಅವಧಿ ಹೆಚ್ಚಿಸಬೇಕೆ ಎಂಬ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಆಗಸ್ಟ್‌ನಲ್ಲಿ ಸೂಚಿಸಿದೆ. ಕೇಳಿ ಪಡೆಯಿರಿ.

4. ಕಂತು ಮುಂದೂಡಿಕೆ ಮನ್ನಾ ಅಲ್ಲ

2020ರ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತು ಕಟ್ಟದಿರಲು ಅವಕಾಶ ಸಿಕ್ಕಿತು. ಕಂತು ನಿಂತರೂ ಬಡ್ಡಿಯ ಮೀಟರು ಓಡುತ್ತಲೇ ಇತ್ತು. ಲೆಕ್ಕ ನೋಡಿ: ಶೇ 8ರ ಬಡ್ಡಿಯಲ್ಲಿ 20 ವರ್ಷಕ್ಕೆ 30 ಲಕ್ಷ ಸಾಲ, ಕಂತು ಸುಮಾರು 25,090 ರೂಪಾಯಿ. ಸಾಲದ ಆರಂಭದಲ್ಲೇ ಆರು ಕಂತು ಮುಂದೂಡಿದರೆ ಸುಮಾರು 1.22 ಲಕ್ಷ ಬಡ್ಡಿ ಅಸಲಿಗೆ ಸೇರುತ್ತದೆ. ಅದೇ ಕಂತಿನಲ್ಲಿ ಮುಂದುವರಿದರೆ 240ರ ಬದಲು ಸುಮಾರು 266 ಕಂತು ಕಟ್ಟಬೇಕು. ಹೆಚ್ಚುವರಿ 26 ಕಂತೆಂದರೆ ಆರೂವರೆ ಲಕ್ಷ ರೂಪಾಯಿ. ಇದೇ ಸಾಲ ಮುಗಿಯಲು 60 ಕಂತು ಬಾಕಿಯಿದ್ದಾಗ ಮುಂದೂಡಿದ್ದರೆ ಹೆಚ್ಚುವುದು ಮೂರೇ ಕಂತು. ಸಾಲ ಹೊಸದಿದ್ದಷ್ಟೂ ಮುಂದೂಡಿಕೆ ದುಬಾರಿ.

ಆಗ ದೊಡ್ಡ ಸುದ್ದಿಯಾದದ್ದು ಬಡ್ಡಿ ಮೇಲಿನ ಬಡ್ಡಿಯ ವಿನಾಯಿತಿ. 2 ಕೋಟಿವರೆಗಿನ ಸಾಲಕ್ಕೆ ಕೇಂದ್ರವೇ ಅದನ್ನು ಭರಿಸಿತು. ಮುಂದೂಡಿಕೆ ಅವಧಿಗೆ ಯಾರಿಂದಲೂ ಚಕ್ರಬಡ್ಡಿ ಪಡೆಯಬಾರದೆಂದು 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ಹೇಳಿತು. ಮೇಲಿನ ಉದಾಹರಣೆಯಲ್ಲಿ ಸರಳ ಬಡ್ಡಿಗೂ ಚಕ್ರಬಡ್ಡಿಗೂ ಇರುವ ವ್ಯತ್ಯಾಸ ಎರಡು ಸಾವಿರ ರೂಪಾಯಿಯ ಆಸುಪಾಸು, ಅಷ್ಟೇ. ಉಳಿದ 1.20 ಲಕ್ಷ ಸಾಲಗಾರರ ತಲೆಯ ಮೇಲೇ ಉಳಿಯಿತು.

ಹಾಗಾದರೆ ಏನು ಮಾಡಬೇಕು? ಆದಾಯ ನಿಜಕ್ಕೂ ನಿಂತಿದ್ದರೆ ಮುಂದೂಡಿಕೆ ಪಡೆಯಿರಿ, ಸುಸ್ತಿದಾರರಾಗುವುದಕ್ಕಿಂತ ಅದು ಎಷ್ಟೋ ವಾಸಿ. ಸಂಬಳ ಬರುತ್ತಿದ್ದರೆ ಕಟ್ಟುತ್ತಿರಿ. ಮುಂದೂಡಿಕೆ ಪಡೆದಿದ್ದರೆ, ಕೈಗೆ ಹಣ ಬಂದ ಕೂಡಲೇ ಸೇರಿಕೊಂಡ ಬಡ್ಡಿಯಷ್ಟನ್ನು ಅಸಲಿಗೆ ಜಮೆ ಮಾಡಿ. ಆ 26 ಕಂತು ಕರಗುವುದು ಹಾಗೆ.

5. ಹಸ್ತಾಂತರದ ದಿನಾಂಕ ಪರೀಕ್ಷಿಸಿ

ಕಟ್ಟಡ ಏಳಿಸುವವರು ಗಾರೆ, ಸೆಂಟ್ರಿಂಗ್, ಬಡಗಿ ಕೆಲಸದ ವಲಸೆ ಕಾರ್ಮಿಕರು. 2020ರ ಮೇ ಮೊದಲ ವಾರ ಅವರು ಊರಿಗೆ ಹೊರಟಾಗ, ಬಿಲ್ಡರುಗಳ ಜೊತೆ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಸಭೆ ನಡೆಸಿದ ಬೆನ್ನಿಗೆ ರಾಜ್ಯ ಸರ್ಕಾರ ವಿಶೇಷ ರೈಲುಗಳನ್ನು ಬೇಡವೆಂದಿತು. ತೀವ್ರ ಟೀಕೆ ಬಂದ ಮೇಲೆ ರೈಲುಗಳು ಮತ್ತೆ ಓಡಿದವು. ಕೆಲಸಗಾರರಿಲ್ಲದೆ ನಿರ್ಮಾಣ ನಿಲ್ಲುತ್ತದೆ ಎಂಬ ಭಯ ಎಷ್ಟಿತ್ತೆಂಬುದಕ್ಕೆ ಇದೇ ಸಾಕ್ಷಿ. ಮೇ 13ರಂದು ಕೇಂದ್ರ ಸರ್ಕಾರ, ಮಾರ್ಚ್ 25ರಂದು ಅಥವಾ ಅದರ ನಂತರ ಮುಗಿಯಬೇಕಿದ್ದ, ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಅಡಿ ನೋಂದಾಯಿತ ಯೋಜನೆಗಳಿಗೆ ಆರು ತಿಂಗಳ ಹೆಚ್ಚುವರಿ ಕಾಲಾವಕಾಶ ಕೊಡಲು ರಾಜ್ಯಗಳಿಗೆ ಸೂಚಿಸಿತು. ಬಿಲ್ಡರಿಗೆ ಕಾಲಾವಕಾಶ ಸಿಕ್ಕ ಆ ತಿಂಗಳುಗಳಲ್ಲಿ ಕೊಂಡವರು ಬಾಡಿಗೆಯನ್ನೂ ಕಟ್ಟಬೇಕಾಯಿತು, ಸಾಲದ ಬಡ್ಡಿಯನ್ನೂ ಕಟ್ಟಬೇಕಾಯಿತು.

ಆದ್ದರಿಂದ ಕರ್ನಾಟಕ ರೇರಾ ಜಾಲತಾಣದಲ್ಲಿ ಯೋಜನೆಯ ನೋಂದಣಿ ಸಂಖ್ಯೆ ಹಾಕಿ, ಮೂಲ ದಿನಾಂಕವನ್ನೂ ವಿಸ್ತರಿಸಿದ ದಿನಾಂಕವನ್ನೂ ನೋಡಿ. ನೋಂದಾಯಿತ ಮಾರಾಟ ಕರಾರು ಆಗುವ ಮೊದಲು ಬೆಲೆಯ ಶೇ 10ಕ್ಕಿಂತ ಹೆಚ್ಚು ಕೇಳುವಂತಿಲ್ಲ, ಅದು ಕಾನೂನು. ತಡವಾದರೆ ಬಡ್ಡಿ ಸಮೇತ ಹಣ ವಾಪಸು ಕೇಳುವ ಹಕ್ಕೂ ಇದೆ. ಕೈ ಬಿಗಿಯಿದ್ದವರಿಗೆ ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಓಸಿ ಪಡೆದ ಮನೆಯೇ ಕ್ಷೇಮ. ತಡವಾಗುವ ಭಯವಿಲ್ಲ. ಜೊತೆಗೆ, ನಿರ್ಮಾಣ ಹಂತದ ಮನೆಗೆ ತಗಲುವ ಶೇ 5ರ ಜಿಎಸ್‌ಟಿ (ಕೈಗೆಟಕುವ ಬೆಲೆಯ ವರ್ಗಕ್ಕೆ ಶೇ 1) ಅದಕ್ಕಿಲ್ಲ.

6. ಬೊಕ್ಕಸದ ಕಡೆ ಕಣ್ಣಿಡಿ

ರಾಜ್ಯದ ಸ್ವಂತ ತೆರಿಗೆ ಬರುವುದು ಮುಖ್ಯವಾಗಿ ವಾಣಿಜ್ಯ ತೆರಿಗೆ, ಅಬಕಾರಿ, ಮುದ್ರಾಂಕ ಮತ್ತು ನೋಂದಣಿ, ಮೋಟಾರು ವಾಹನ ತೆರಿಗೆಗಳಿಂದ. ಅಂಗಡಿ, ಬಾರು, ಉಪನೋಂದಣಾಧಿಕಾರಿ ಕಚೇರಿ, ವಾಹನ ಷೋರೂಮು ಎಲ್ಲವೂ ಒಟ್ಟಿಗೆ ಮುಚ್ಚಿದಾಗ ನಾಲ್ಕೂ ಬತ್ತಿದವು. 2020ರ ಮೇ 4ರಂದು ಮದ್ಯದಂಗಡಿ ತೆರೆದ ಅವಸರಕ್ಕೂ, ಅದೇ ವಾರ ಅಬಕಾರಿ ಸುಂಕ ಏರಿದ್ದಕ್ಕೂ ಕಾರಣ ಇದೇ. ಮನೆ ಮಾರುಕಟ್ಟೆಯಲ್ಲಿ ಸರ್ಕಾರ ಹಿಡಿದದ್ದು ಇದಕ್ಕೆ ಎದುರು ದಾರಿ: ದರ ಇಳಿಸಿ ನೋಂದಣಿ ಹೆಚ್ಚಿಸುವುದು. ಮೊದಲ ಸಲ ನೋಂದಣಿಯಾಗುವ ಫ್ಲ್ಯಾಟುಗಳ ಮುದ್ರಾಂಕ ಶುಲ್ಕವನ್ನು 20 ಲಕ್ಷದೊಳಗೆ ಶೇ 5ರಿಂದ 2ಕ್ಕೆ, 35 ಲಕ್ಷದವರೆಗೆ ಶೇ 3ಕ್ಕೆ ಇಳಿಸಿತು. 2021ರ ಬಜೆಟ್‌ನಲ್ಲಿ ಶೇ 3ರ ಮಿತಿಯನ್ನು 45 ಲಕ್ಷಕ್ಕೆ ಏರಿಸಿತು. 30 ಲಕ್ಷದ ಫ್ಲ್ಯಾಟಿಗೆ ಉಳಿತಾಯ 60,000 ರೂಪಾಯಿ. ಮಹಾರಾಷ್ಟ್ರ ಬೆಲೆಯ ಮಿತಿಯಿಲ್ಲದೆ ತಾತ್ಕಾಲಿಕವಾಗಿ ಇಳಿಸಿದ್ದರಿಂದ ಮುಂಬೈನಲ್ಲಿ 2020ರ ಡಿಸೆಂಬರ್ ಗಡುವಿಗೆ ಮುನ್ನ ನೋಂದಣಿಗೆ ನೂಕುನುಗ್ಗಲಾಯಿತು. ಬೆಂಗಳೂರಿನಲ್ಲಿ ಇಷ್ಟು ಅಗ್ಗದ ಫ್ಲ್ಯಾಟು ಸಿಗುವುದು ಹೆಚ್ಚಾಗಿ ಹೊರವಲಯದಲ್ಲಿ, ಹಾಗಾಗಿ ಇಲ್ಲಿಯ ಲಾಭ ಎಲ್ಲರಿಗೂ ದಕ್ಕಲಿಲ್ಲ.

2022ರ ಜನವರಿಯಿಂದ ಕೆಲ ತಿಂಗಳು, ನೋಂದಣಿಗೆ ಸರ್ಕಾರ ಗೊತ್ತುಮಾಡುವ ಕನಿಷ್ಠ ಬೆಲೆಯಾದ ಮಾರ್ಗಸೂಚಿ ದರದಲ್ಲಿ ಶೇ 10 ರಿಯಾಯಿತಿ ಸಿಕ್ಕಿತು. 2023ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ದರ ಏರಿತು, 2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕ ಶೇ 1ರಿಂದ 2 ಆಯಿತು. ಕಷ್ಟಕಾಲದಲ್ಲಿ ಕೊಟ್ಟದ್ದನ್ನು ಸುಭಿಕ್ಷದಲ್ಲಿ ವಸೂಲು ಮಾಡುವುದು ಬೊಕ್ಕಸದ ರೀತಿ. ರಿಯಾಯಿತಿಯ ಗಡುವಿನೊಳಗೆ ಕ್ರಯಪತ್ರ ಆಗುವಂತಿದ್ದರೆ ಮಾತ್ರ ಅದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿ.

7. ದರದ ಚೌಕಾಸಿ ಕೊನೆಗೆ

ಬಿಲ್ಡರ್ ಚದರಡಿ ದರ ಇಳಿಸಿದರೆ ಹಿಂದೆ ಕೊಂಡವರು ಜಗಳಕ್ಕೆ ಬರುತ್ತಾರೆ, ಸಾಲ ಕೊಟ್ಟ ಬ್ಯಾಂಕೂ ಪ್ರಶ್ನಿಸುತ್ತದೆ. ಆದ್ದರಿಂದ ಮಂದಗತಿಯಲ್ಲಿ ರಿಯಾಯಿತಿ ಬೇರೆ ವೇಷದಲ್ಲಿ ಬರುತ್ತದೆ: ಕಾರ್ ಪಾರ್ಕಿಂಗ್, ನೋಂದಣಿ ಖರ್ಚು, ನಿರ್ವಹಣಾ ಶುಲ್ಕ, ಮಾಡ್ಯುಲರ್ ಕಿಚನ್. ಇವುಗಳನ್ನೇ ಕೇಳಿ, ರೂಪಾಯಿಗೆ ಇಳಿಸಿ, ಕರಾರಿನಲ್ಲಿ ಬರೆಸಿ. ಮರುಮಾರಾಟದ ಮನೆಯಾದರೆ ಮಾರುವವರ ತುರ್ತು ಏನೆಂದು ತಿಳಿಯಿರಿ. ಸಾಲ ತೀರಿಸಲು ಮಾರುತ್ತಿದ್ದರೆ ನೇರ ದರ ಇಳಿಯುವುದು ಅಲ್ಲೇ.

ಬಾಡಿಗೆಯವರಿಗೆ

ಕಚೇರಿ ಮುಚ್ಚಿದಾಗ ಖಾಲಿಯಾದ ಬೆಂಗಳೂರಿನ ಬಾಡಿಗೆ ಮನೆಗಳು 2022ರಲ್ಲಿ ಜನ ಮರಳಿದಾಗ ದುಬಾರಿಯಾದವು. ಬಾಡಿಗೆ ತಗ್ಗಿದ ಕಾಲದಲ್ಲಿ ಕರಾರು ಮಾಡುವಾಗ ವಾರ್ಷಿಕ ಹೆಚ್ಚಳ ಎಷ್ಟೆಂದು ಮೊದಲೇ ಬರೆಸಿ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಊರಿದು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳುತ್ತದೆ. ಅದು ರಾಜ್ಯಗಳಿಗೆ ಮಾದರಿಯಷ್ಟೇ, ಆದರೆ ಚೌಕಾಸಿಗೆ ಆಧಾರವಾದೀತು. ಖಾಲಿ ಮಾಡುವ ನೋಟಿಸ್ ಅವಧಿ, ಅಡ್ವಾನ್ಸ್ ಮರಳಿಸುವ ದಿನ, ಪೇಂಟಿಂಗ್ ಕಡಿತ ಮೂರೂ ಕರಾರಿನಲ್ಲಿರಲಿ.

ಟೋಕನ್ ಕೊಡುವ ಮುನ್ನ

• ಆರು ತಿಂಗಳ ಕಂತು ಮತ್ತು ಮನೆಖರ್ಚಿನ ಠೇವಣಿ
• ಬಡ್ಡಿ ಎರಡೂವರೆ ಅಂಶ ಏರಿದರೆ ಬರುವ ಕಂತಿನ ಲೆಕ್ಕ
• ರೇರಾ ಪುಟದ ಮುದ್ರಿತ ಪ್ರತಿ ಅಥವಾ ಓಸಿ
• ಖಾತಾ, ಋಣಭಾರ ಪ್ರಮಾಣಪತ್ರ, ಇತ್ತೀಚಿನ ತೆರಿಗೆ ರಸೀದಿ
• ಆ ದಿನದ ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಶುಲ್ಕಗಳ ಒಟ್ಟು ಮೊತ್ತ

ಇವುಗಳಲ್ಲಿ ಒಂದು ಬಾಕಿಯಿದ್ದರೂ, ದರ ಎಷ್ಟೇ ಅಗ್ಗ ಕಂಡರೂ ಟೋಕನ್ ಕೊಡಬೇಡಿ.