ಒಂದು ಹೆಸರು, ಎರಡು ನೆಲೆ: ವಿಮಾನಯಾನದಲ್ಲಿ ರೇಡಿಯೊ ಸಂಕೇತ

ಗುಡಿಬಂಡೆ ಎಂಬ ಹೆಸರಿನ ಊರುಗಳು ಎರಡಿವೆ. ಒಂದು ಆಂಧ್ರದ ಮಡಕಶಿರಾ ಸೀಮೆಯದು. ಮತ್ತೊಂದು ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕು ಕೇಂದ್ರ. ಮಡಕಶಿರಾದಲ್ಲಿ ನಿಂತು ಗುಡಿಬಂಡೆಯ ದಾರಿ ಕೇಳಿದವರಿಗೆ ಯಾರೂ ಚಿಕ್ಕಬಳ್ಳಾಪುರದ ದಾರಿಯನ್ನು ತೋರಿಸುವುದಿಲ್ಲ. ಪದದ ಅರ್ಥವನ್ನು ಸಂದರ್ಭವೇ ನಿಶ್ಚಯಿಸುತ್ತದೆ. ಸಂದರ್ಭವನ್ನರಿಯದ ಯಂತ್ರದ ಕೈಗೆ ಹೆಸರು ಸಿಕ್ಕಾಗ ಏನಾಗುತ್ತದೆ? ವಿಮಾನಯಾನದ ಇತಿಹಾಸದಲ್ಲಿ ಇದಕ್ಕೊಂದು ಕಠೋರ ನಿದರ್ಶನವಿದೆ.

ಮೋಡದ ಮೇಲೆ, ಇರುಳಿನಲ್ಲಿ ಹಾರುವ ಪೈಲಟ್‌ಗೆ ನೆಲ ಕಾಣುವುದಿಲ್ಲ. ಆತನಿಗೆ ಹಿಂದಿನಿಂದಲೂ ನೆರವಾದವು ರೇಡಿಯೊ ಬೀಕನ್‌ಗಳು. ಇವುಗಳಲ್ಲಿ ಸರಳವಾದುದು ಎನ್‌ಡಿಬಿ. ಅದು ಎಲ್ಲ ದಿಕ್ಕುಗಳಿಗೂ ಒಂದೇ ಸಮನಾಗಿ ಅಲೆಗಳನ್ನು ಹೊಮ್ಮಿಸುತ್ತದೆ. ವಿಮಾನದಲ್ಲಿರುವ ಮುಳ್ಳು ಆ ಕೇಂದ್ರದತ್ತ ತಿರುಗುತ್ತದೆ. ಗುಡುಗು ಮಿಂಚಿನ ವೇಳೆ ಮುಳ್ಳು ದಾರಿ ತಪ್ಪಿಸುವುದೂ ಉಂಟು. ಅನಂತರ ಬಂದ ವಿಒಆರ್ ಕೇಂದ್ರವು ಎರಡು ಸಂಕೇತಗಳನ್ನು ಕಳುಹಿಸುತ್ತದೆ. ಅವುಗಳ ನಡುವಣ ಅಂತರ ದಿಕ್ಕಿನಿಂದ ದಿಕ್ಕಿಗೆ ಬದಲಾಗುವುದರಿಂದ, ತಾನು ಕೇಂದ್ರದ ಯಾವ ದಿಕ್ಕಿನಲ್ಲಿದ್ದೇನೆಂಬುದು ಪೈಲಟ್‌ಗೆ ಡಿಗ್ರಿಗಳಲ್ಲಿ ತಿಳಿಯುತ್ತದೆ. ಡಿಎಂಇ ದೂರವನ್ನು ಅಳೆಯುತ್ತದೆ: ವಿಮಾನದ ಪ್ರಶ್ನೆಗೆ ಕೇಂದ್ರದ ಉತ್ತರ ಬರಲು ಹಿಡಿದ ಕಾಲವೇ ಅದರ ಅಳತೆಗೋಲು.

ತಾನು ಕೇಳುತ್ತಿರುವುದು ಯಾವ ಕೇಂದ್ರವನ್ನು ಎಂಬುದು ತಿಳಿಯಬೇಕಲ್ಲವೇ? ಅದಕ್ಕಾಗಿ ಪ್ರತಿ ಕೇಂದ್ರವೂ ತನ್ನ ಹೆಸರಿನ ಅಕ್ಷರಗಳನ್ನು ಮೋರ್ಸ್ ಸಂಕೇತದಲ್ಲಿ ನುಡಿಯುತ್ತಿರುತ್ತದೆ. ಛಂದಸ್ಸನ್ನು ಓದಿದವರಿಗೆ ಇದು ಹೊಸತಲ್ಲ. ‘ಆರ್’ ಎಂಬ ಇಂಗ್ಲಿಷ್ ಅಕ್ಷರದ ಸಂಕೇತ ಗಿಡ್ಡ, ಉದ್ದ, ಗಿಡ್ಡ. ಎಂದರೆ ಲಘು, ಗುರು, ಲಘು. ನಮ್ಮ ಜಗಣದ ವಿನ್ಯಾಸವೇ ಅದು. ಮೋರ್ಸ್‌ನ ಉದ್ದ ನಾದ ಮಾತ್ರ ಗಿಡ್ಡದ ಮೂರರಷ್ಟು. ನಮ್ಮ ಗುರು ಲಘುವಿನ ಎರಡರಷ್ಟು.

ಕೊಲಂಬಿಯಾ ದೇಶದಲ್ಲಿ ಇದೇ ‘ಆರ್’ ಸಂಕೇತವನ್ನು ಎರಡು ಬೀಕನ್‌ಗಳು ಹೊಂದಿದ್ದವು: ಕಾಲಿ ನಗರದ ಬಳಿಯ ರೋಜೊ, ದೂರದ ಬೊಗೊಟಾ ಬಳಿಯ ರೊಮಿಯೊ. 1995ರ ಡಿಸೆಂಬರ್ 20ರ ರಾತ್ರಿ ಕಾಲಿಗೆ ಇಳಿಯುತ್ತಿದ್ದ ಅಮೆರಿಕನ್ ಏರ್‌ಲೈನ್ಸ್ ವಿಮಾನದ ಪೈಲಟ್‌ಗಳು ರೋಜೊವನ್ನು ಉದ್ದೇಶಿಸಿ ಕಂಪ್ಯೂಟರಿಗೆ ‘ಆರ್’ ಎಂದು ಕೊಟ್ಟರು. ಯಂತ್ರದ ಪಟ್ಟಿಯಲ್ಲಿ ಮೊದಲು ಬಂದದ್ದು ರೊಮಿಯೊ. ವಿಮಾನ ಎಡಕ್ಕೆ ತಿರುಗಿತು. ತಪ್ಪನ್ನು ತಿದ್ದಿಕೊಳ್ಳುವಷ್ಟರಲ್ಲಿ ಬೆಟ್ಟಕ್ಕೆ ಅಪ್ಪಳಿಸಿತು. 163 ಜನರಲ್ಲಿ ಬದುಕಿದವರು ನಾಲ್ವರು. ಅವಘಡಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ವಿಮಾನವನ್ನು ದಾರಿಯಿಂದ ತಿರುಗಿಸಿದ್ದು ಆ ಒಂದಕ್ಷರ.

ಇಂದು ಮಾರ್ಗಬಿಂದುಗಳಿಗೆ ನೆಲದ ಮೇಲೆ ಕೇಂದ್ರವೇ ಇರಬೇಕಾಗಿಲ್ಲ. ಉಪಗ್ರಹಗಳು ಸ್ಥಾನವನ್ನು ತಿಳಿಸುತ್ತವೆ. ಭಾರತದಲ್ಲಿ ಆ ಮಾಹಿತಿಯನ್ನು ತಿದ್ದಿ ನಿಖರಗೊಳಿಸುವ ವ್ಯವಸ್ಥೆಯ ಹೆಸರು ‘ಗಗನ್’. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಗಳು ಕೂಡಿ ಕಟ್ಟಿದ ಇದರ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಆದರೂ ಉಪಗ್ರಹದ ಸಂಕೇತ ಕ್ಷೀಣವಾದುದು. ಅದಕ್ಕೆ ಅಡ್ಡಿಪಡಿಸುವುದು ಸುಲಭ. ಆದ್ದರಿಂದ ನೆಲದ ಬೀಕನ್‌ಗಳನ್ನು ಸಂಪೂರ್ಣವಾಗಿ ಕೈಬಿಟ್ಟಿಲ್ಲ. ಮಾರ್ಗಬಿಂದುಗಳಿಗೆ ಉಚ್ಚರಿಸಲು ಬರುವ ಐದಕ್ಷರದ ಹೆಸರಿರಬೇಕು, ಅದು ಬೇರೆಲ್ಲಿಯೂ ಇರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ.

ಕಾವ್ಯದಲ್ಲಿ ಒಂದು ಪದಕ್ಕೆ ಎರಡರ್ಥ ಬಂದರೆ ಅದು ಶ್ಲೇಷೆ, ಅಲಂಕಾರವೆಂದು ಮೆಚ್ಚುತ್ತೇವೆ. ದಾರಿ ತೋರುವ ಮಾತಿನಲ್ಲಿ ಅದೇ ಪ್ರಾಣಾಪಾಯ. ಎಲ್ಲಿ ಯಾವುದು ಸಲ್ಲುತ್ತದೆ ಎಂಬ ವಿವೇಕವೇ ಭಾಷಾಧ್ಯಯನದ ಫಲ.

ಅಭ್ಯಾಸ: ನಿಮ್ಮ ಸುತ್ತಮುತ್ತ ಒಂದೇ ಹೆಸರಿನ ಊರುಗಳಿದ್ದರೆ ಪಟ್ಟಿ ಮಾಡಿ. ಅವುಗಳನ್ನು ಬೇರ್ಪಡಿಸಿ ಹೇಳಲು ಜನರು ಬಳಸುವ ವಿಶೇಷಣಗಳನ್ನು ಗುರುತಿಸಿ ಬರೆಯಿರಿ.