ಹಲ್ಲಿನ ಕಲೆ: ತೇಯುವ ಮುನ್ನ ತಿಳಿಯಿರಿ



ಪ್ರಥಮ ಪರಮಪ್ರಸಾದ ಸ್ವೀಕರಿಸಿದ ಮಕ್ಕಳನ್ನು ಪೂಜೆಯ ನಂತರ ದೇವಾಲಯದ ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೋ ತೆಗೆಸುವುದು ನಮ್ಮಲ್ಲಿ ವಾಡಿಕೆ. ಫೋಟೋ ತೆಗೆಯುವವರು "ನಗಿ" ಎಂದಾಗ ಕೆಲವು ಮಕ್ಕಳು ತುಟಿ ಬಿಗಿಹಿಡಿಯುತ್ತಾರೆ. ಹೊಸದಾಗಿ ಹುಟ್ಟಿದ ಮುಂದಿನ ಹಲ್ಲುಗಳ ಮೇಲೆ ಬಿಳಿ ಮಚ್ಚೆ ಅಥವಾ ಕಂದು ಪಟ್ಟಿ ಇರುವುದೇ ಇದಕ್ಕೆ ಕಾರಣ. ನಾವೇ ಒಮ್ಮೆ ಅಂಥ ಹುಡುಗನೊಬ್ಬನನ್ನು "ಹಲ್ಲು ಉಜ್ಜುವುದಿಲ್ಲವೇನೋ?" ಎಂದು ಎಲ್ಲರೆದುರು ಗದರಿದೆವು. ಅವನು ದಿನಕ್ಕೆ ಎರಡು ಸಲ ಉಜ್ಜುತ್ತಿದ್ದನೆಂದು ಅವನ ತಾಯಿ ಹೇಳಿದಾಗ ನಮಗೆ ನಾಚಿಕೆಯಾಯಿತು. ತಪ್ಪು ಅವನದಾಗಿರಲಿಲ್ಲ, ಕುಡಿಯುವ ನೀರಿನದಾಗಿತ್ತು.

ಕಲೆ ಎಲ್ಲಿಂದ ಬಂತು?

ನಮ್ಮ ಕೃಷ್ಣಗಿರಿ, ಧರ್ಮಪುರಿ ಸೀಮೆ ಕಲ್ಲುಬಂಡೆಯ ನೆಲ. ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಕರಗಿರುತ್ತದೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಇದು 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದ ಕಡೆ ಹೆಚ್ಚೆಂದರೆ 1.5 ಮಿಲಿಗ್ರಾಂ ಇರಬಹುದು ಎಂಬುದು ನಮ್ಮ ದೇಶದ ಮಾನದಂಡ. ನಮ್ಮ ಅನೇಕ ಊರುಗಳ ಬೋರ್‌ವೆಲ್ ನೀರು ಈ ಮಿತಿಯನ್ನು ದಾಟಿದೆ.

ಈ ಕಾಯಿಲೆ ನಮ್ಮ ದೇಶದಲ್ಲಿ ಮೊದಲು ದಾಖಲಾದದ್ದು 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ಶಾರ್ಟ್ ಎಂಬ ವೈದ್ಯರೂ ಅವರ ಸಂಗಡಿಗರೂ ಅದನ್ನು ವರದಿ ಮಾಡಿದರು. ಅಲ್ಲಿನ ರೈತರ ಕಣ್ಣಿಗೆ ಇದು ಮೊದಲು ಬಿದ್ದದ್ದು ಉಳುವ ಎತ್ತುಗಳು ಕಾಲು ಬಿಗಿದು ನಡೆಯಲಾರದೆ ಹೋದಾಗ ಎಂದು ಹೇಳುತ್ತಾರೆ.

ಹುಟ್ಟಿದಂದಿನಿಂದ ಸುಮಾರು ಎಂಟು ವರ್ಷದವರೆಗೆ ಮಕ್ಕಳ ಶಾಶ್ವತ ಹಲ್ಲುಗಳ ಕವಚ ದವಡೆಯೊಳಗೆ ಕಟ್ಟಿಕೊಳ್ಳುತ್ತಿರುತ್ತದೆ. ಆ ಕಾಲದಲ್ಲಿ ಫ್ಲೋರೈಡ್ ಹೆಚ್ಚಾದರೆ ಕವಚ ಗಟ್ಟಿಯಾಗಿ ಕೂಡದೆ ಒಳಗೆ ಸಣ್ಣ ಸಣ್ಣ ರಂಧ್ರಗಳು ಉಳಿಯುತ್ತವೆ. ಹಲ್ಲು ಹುಟ್ಟಿದಾಗ ಅದು ಸೀಮೆಸುಣ್ಣದಂಥ ಬಿಳುಪಾಗಿ ಕಾಣುತ್ತದೆ. ಕಾಲ ಕಳೆದಂತೆ ಆ ರಂಧ್ರಗಳಲ್ಲಿ ಬಣ್ಣ ಇಳಿದು ಕಂದಾಗುತ್ತದೆ. ತೀವ್ರವಾದರೆ ಕವಚವೇ ಉದುರಿ ಗುಳಿ ಬೀಳುತ್ತದೆ. ಕಲೆ ಕವಚದ ಒಳಗೇ ಇರುವುದರಿಂದ ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು ಹಾಕಿ ತಿಕ್ಕಿದರೆ ಅದು ಹೋಗದು. ಕವಚ ಮಾತ್ರ ಸವೆಯುತ್ತದೆ.

ಕವಚವೆಂಬ ಮೇಲ್ಮಣ್ಣು

ಮದುವೆ ಗೊತ್ತಾಗಿದ್ದ ಹುಡುಗಿಯೊಬ್ಬಳ ತಂದೆ ತಾಯಿ ಒಮ್ಮೆ ನಮ್ಮಲ್ಲಿಗೆ ಬಂದರು. ಕಲೆ ಕಾಣದಂತೆ ಮುಂದಿನ ಆರು ಹಲ್ಲುಗಳನ್ನೂ ತೇಯ್ದು ಕ್ಯಾಪ್ ಹಾಕಿಸಬೇಕೆಂದು ಯಾರೋ ಹೇಳಿದ್ದರಂತೆ. ಅದಕ್ಕಾಗಿ ಕರೆಯುವ ಹಸುವನ್ನೇ ಮಾರಲು ಅವರು ಸಿದ್ಧರಾಗಿದ್ದರು. ಹುಡುಗಿಯ ಹಲ್ಲುಗಳಲ್ಲಿ ನೋವಿರಲಿಲ್ಲ, ಹುಳುಕೂ ಇರಲಿಲ್ಲ. ಇನ್ನೊಬ್ಬ ದಂತವೈದ್ಯರನ್ನೂ ಕೇಳಿ ನೋಡಿ ಎಂದು ನಾವು ಹೇಳಿ ಕಳುಹಿಸಿದೆವು.

ಹೊಲದ ಮೇಲ್ಮಣ್ಣು ಮಳೆಗೆ ಕೊಚ್ಚಿಹೋದರೆ ಮತ್ತೆ ಕೂಡಲು ತಲೆಮಾರುಗಳೇ ಬೇಕೆಂದು ರೈತರಾದ ನಿಮಗೆ ಗೊತ್ತು. ಹಲ್ಲಿನ ಕವಚ ಅದಕ್ಕಿಂತ ಕಷ್ಟದ್ದು. ಒಮ್ಮೆ ಹೋದರೆ ಮತ್ತೆ ಬೆಳೆಯುವುದೇ ಇಲ್ಲ. ಮುಂದಿನ ಹಲ್ಲಿನಲ್ಲಿ ಅದರ ದಪ್ಪ ಸುಮಾರು ಒಂದು ಮಿಲಿಮೀಟರ್, ಒಸಡಿನ ಹತ್ತಿರ ಇನ್ನೂ ಕಡಿಮೆ. ಕ್ಯಾಪ್ ಹಾಕಲು ಸುತ್ತಲೂ ಅಷ್ಟನ್ನು ಅಥವಾ ಅದಕ್ಕಿಂತ ಹೆಚ್ಚನ್ನು ತೇಯಬೇಕಾಗುತ್ತದೆ. ಮುರಿದ, ತೀರ ಹಾಳಾದ ಹಲ್ಲಿಗೆ ಅದು ಬೇಕಾಗಬಹುದು. ಬರಿಯ ಕಲೆಗೆ ಅದು ಕೊನೆಯ ದಾರಿಯಾಗಬೇಕೇ ಹೊರತು ಮೊದಲನೆಯದಲ್ಲ. ಎಳೆಯ ಮಕ್ಕಳ ಹಲ್ಲಿನೊಳಗಿನ ಜೀವಭಾಗ ದೊಡ್ಡದಾಗಿರುವುದರಿಂದ ಅವರ ಹಲ್ಲನ್ನು ತೇಯುವುದು ಇನ್ನೂ ಅಪಾಯ.

ರಾಳದಿಂದ ದುರಸ್ತಿ

ಹಲ್ಲನ್ನು ಹೆಚ್ಚು ತೇಯದೆ ಕಲೆ ಮುಚ್ಚಲು ಇಂದು ರೆಸಿನ್ ಎಂಬ ವಸ್ತು ಬಳಕೆಯಲ್ಲಿದೆ. ರೆಸಿನ್ ಎಂದರೆ ರಾಳ. ಇದು ಮರದ ರಾಳವಲ್ಲ, ಪ್ರಯೋಗಾಲಯದಲ್ಲಿ ತಯಾರಾದದ್ದು. ಅಮೆರಿಕದ ಬ್ಯೂನೊಕೋರ್ ಎಂಬ ದಂತವಿಜ್ಞಾನಿ 1955ರಲ್ಲಿ ಒಂದು ಸಂಗತಿ ಕಂಡುಕೊಂಡರು. ಕವಚಕ್ಕೆ ಫಾಸ್ಫಾರಿಕ್ ಆಮ್ಲವನ್ನು ಸ್ವಲ್ಪ ಹೊತ್ತು ಹಚ್ಚಿ ತೊಳೆದರೆ ಅದು ತರಿತರಿಯಾಗಿ, ರಾಳ ಅದಕ್ಕೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಗಾರೆ ಬಳಿಯುವ ಮುನ್ನ ನುಣುಪು ಗೋಡೆಯನ್ನು ಕೊಚ್ಚಿ ತರಿ ಮಾಡುವಂತೆಯೇ ಇದು. 1962ರ ಹೊತ್ತಿಗೆ ಬೋವೆನ್ ಎಂಬುವರು ರಾಳಕ್ಕೆ ಗಾಜಿನಂಥ ನುಣ್ಣನೆಯ ಪುಡಿ ಬೆರೆಸಿ ಗಟ್ಟಿ ಮಿಶ್ರಣ ಮಾಡಿದರು. ಇಂದು ಹಲ್ಲಿನ ಬಣ್ಣದ "ಕಾಂಪೋಸಿಟ್" ಎನ್ನುವುದು ಇದರ ಸಂತತಿ.

ಸಣ್ಣ ಉಪಾಯದಿಂದ ದೊಡ್ಡದಕ್ಕೆ ಹೋಗುವುದು ಸರಿಯಾದ ಕ್ರಮ:

1. ಕಲೆ ತೀರ ನಸುವಾಗಿದ್ದರೆ ಏನೂ ಮಾಡಬೇಕಾಗಿಲ್ಲ. ಅಂಥ ಹಲ್ಲು ದುರ್ಬಲವಲ್ಲ.

2. ಮೇಲುಮೇಲಿನ ಕಂದು ಕಲೆಗೆ ವೈದ್ಯರು ಆಮ್ಲ ಬೆರೆಸಿದ ನುಣುಪು ಪುಡಿಯಿಂದ ತೆಳುವಾದ ಪದರವನ್ನು ಮಾತ್ರ ಉಜ್ಜಿ ತೆಗೆಯುತ್ತಾರೆ. ದೊಡ್ಡವರಿಗೆ ಬಣ್ಣ ತಿಳಿಗೊಳಿಸುವ ಔಷಧಿಯನ್ನೂ ಹಚ್ಚುವುದುಂಟು.

3. ಬಿಳಿ ಮಚ್ಚೆಗೆ ರಾಳ ಇಂಗಿಸುವ ವಿಧಾನವಿದೆ. ಕಾಗದಕ್ಕೆ ಎಣ್ಣೆ ಹಚ್ಚಿದರೆ ಅದರ ಬಿಳುಪು ಮಾಯವಾಗಿ ಬೆಳಕು ಹಾಯುತ್ತದಲ್ಲವೇ? ಇಲ್ಲಿಯೂ ಹಾಗೆಯೇ. ರಂಧ್ರಗಳಲ್ಲಿ ಗಾಳಿ, ನೀರು ಇರುವವರೆಗೆ ಬೆಳಕು ಚದುರಿ ಹಲ್ಲು ಬೆಳ್ಳಗೆ ಕಾಣುತ್ತದೆ. ಬೆಳಕನ್ನು ಬಾಗಿಸುವ ಗುಣ ಗಾಳಿಗೆ 1, ನೀರಿಗೆ 1.33, ಗಟ್ಟಿ ಕವಚಕ್ಕೆ 1.62, ರಾಳಕ್ಕೆ ಸುಮಾರು 1.5. ರಾಳ ಕವಚಕ್ಕೆ ಹತ್ತಿರವಿರುವುದರಿಂದ ಅದು ಒಳಗಿಳಿದಾಗ ಮಚ್ಚೆ ಸುತ್ತಲ ಹಲ್ಲಿನೊಡನೆ ಕಲೆತುಹೋಗುತ್ತದೆ. ಮೊದಲು ಒಸಡಿಗೆ ರಬ್ಬರ್ ಹಾಳೆ ಮುಚ್ಚಿ, ಹೈಡ್ರೋಕ್ಲೋರಿಕ್ ಆಮ್ಲವನ್ನು ಎರಡು ನಿಮಿಷ ಹಚ್ಚಿ ತೊಳೆದು, ಆಲ್ಕೋಹಾಲಿನಿಂದ ಒಣಗಿಸುತ್ತಾರೆ. ಆಮೇಲೆ ತೆಳು ರಾಳವನ್ನು ಇಂಗಲು ಬಿಟ್ಟು, ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡುತ್ತಾರೆ. ಜರ್ಮನಿಯ ಸಂಶೋಧಕರಿಂದ ಬಂದ ಈ ವಿಧಾನ 2009ರಿಂದ ಬಳಕೆಯಲ್ಲಿದೆ. ಕಲೆ ಆಳವಾಗಿದ್ದರೆ ಪೂರ್ತಿ ಹೋಗದಿರಬಹುದು.

4. ಗುಳಿ ಬಿದ್ದಿದ್ದರೆ ಅಥವಾ ಕಂದು ಆಳವಾಗಿದ್ದರೆ ಕಾಂಪೋಸಿಟನ್ನು ಪದರ ಪದರವಾಗಿ ತುಂಬಿ ಹಲ್ಲಿನ ಆಕಾರ ಕೊಡುತ್ತಾರೆ. ತೇಯುವುದು ಬಹಳ ಕಡಿಮೆ, ಕೆಲವೊಮ್ಮೆ ಬೇಕಾಗುವುದೇ ಇಲ್ಲ.

ಸಂತೆಯಲ್ಲಿ, ರಸ್ತೆ ಬದಿಯಲ್ಲಿ "ಐದು ನಿಮಿಷದಲ್ಲಿ ಬಿಳಿ" ಎಂದು ಆಮ್ಲ ಹಚ್ಚುವವರ ಬಳಿ ಖಂಡಿತ ಹೋಗಬೇಡಿ. ಒಸಡು ಸುಟ್ಟು, ಕವಚ ಕರಗೀತು.

ರಾಳ ಶಾಶ್ವತವಲ್ಲ ಎಂಬುದೂ ತಿಳಿದಿರಲಿ. ಕೆಲವು ವರ್ಷಗಳಿಗೊಮ್ಮೆ ಹೊಳಪು ಮಾಡಿಸುವುದೋ ತೇಪೆ ಹಾಕಿಸುವುದೋ ಬೇಕಾಗುತ್ತದೆ. ಕಾಫಿ, ಟೀ, ಎಲೆ ಅಡಿಕೆಯಿಂದ ಅದಕ್ಕೆ ಬಣ್ಣ ಹಿಡಿಯುತ್ತದೆ. ಕಬ್ಬು ಸಿಗಿದರೆ, ಬಾಟಲಿ ಮುಚ್ಚಳ ಕಚ್ಚಿದರೆ ಚಕ್ಕೆ ಎದ್ದೀತು. ಆದರೆ ಕಾಂಪೋಸಿಟ್ ಮುರಿದರೆ ಅದನ್ನು ಮಾತ್ರ ಸರಿಪಡಿಸಬಹುದು, ಕೆಳಗಿನ ಹಲ್ಲು ನಮ್ಮದಾಗಿಯೇ ಉಳಿದಿರುತ್ತದೆ. ಆ ಹುಡುಗಿಗೆ ಮಾಡಿದ್ದೂ ಇದನ್ನೇ. ಹಸು ಕೊಟ್ಟಿಗೆಯಲ್ಲೇ ಉಳಿಯಿತು.

ವೈದ್ಯರ ಬಳಿ ಕೇಳಬೇಕಾದ ಮಾತು ಮೂರು: ಇದು ಫ್ಲೋರೈಡ್ ಕಲೆಯೋ ಹುಳುಕೋ? ಎಷ್ಟು ತೇಯುತ್ತೀರಿ? ಅದಕ್ಕಿಂತ ಸಣ್ಣ ಚಿಕಿತ್ಸೆ ಇದೆಯೇ? ಹೀಗೆ ಕೇಳುವುದು ಅಗೌರವವಲ್ಲ. ಕೈ ಬಿಗಿಯಾಗಿದ್ದವರು ದಂತ ಕಾಲೇಜುಗಳ ಆಸ್ಪತ್ರೆಗೆ ಹೋಗಬಹುದು. ಅಲ್ಲಿ ಖರ್ಚು ಸಾಮಾನ್ಯವಾಗಿ ಕಡಿಮೆ.

ಮನೆಯ ಕಿರಿಯ ಮಗುವಿಗಾಗಿ

ಅಕ್ಕನ ಹಲ್ಲಿಗೆ ರಾಳ ಹಾಕಿಸಿ ತಮ್ಮನಿಗೆ ಅದೇ ನೀರು ಕುಡಿಸಿದರೆ ಫಲವೇನು? ಹೊಗೇನಕಲ್ ಕುಡಿಯುವ ನೀರು ಮತ್ತು ಫ್ಲೋರೋಸಿಸ್ ನಿವಾರಣಾ ಯೋಜನೆ ಜಪಾನಿನ ಸಾಲದ ನೆರವಿನಿಂದ ನಡೆದು, 2013ರಲ್ಲಿ ಉದ್ಘಾಟನೆಯಾಯಿತು. ಕಾವೇರಿ ನೀರನ್ನು ನಮ್ಮ ಎರಡು ಜಿಲ್ಲೆಗಳಿಗೆ ತರುವುದೇ ಅದರ ಉದ್ದೇಶ. ಆ ನಲ್ಲಿ ನೀರನ್ನು ಮೊದಲು ಕುಡಿಯಲು, ಅಡುಗೆಗೆ ತೆಗೆದಿಡಿ. ಬೋರ್‌ವೆಲ್ ನೀರು ಪಾತ್ರೆ ತೊಳೆಯಲು, ದನಕರುಗಳ ಮೈ ತೊಳೆಯಲು ಇರಲಿ. ಬೋರ್‌ವೆಲ್ ನೀರನ್ನೇ ಕುಡಿಯಬೇಕಾದವರು ಅದನ್ನು ಪರೀಕ್ಷೆ ಮಾಡಿಸಿ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗದು. ನೀರು ಬತ್ತಿದಷ್ಟೂ ಅದು ಸಾಂದ್ರವಾಗುತ್ತದೆ. ಮಳೆನೀರನ್ನು ಶುಚಿಯಾಗಿ ಹಿಡಿದಿಡುವುದು ಒಳ್ಳೆಯ ದಾರಿ. ರಾಗಿ, ಹಾಲು, ಮೊಸರಿನಲ್ಲಿರುವ ಸುಣ್ಣದ ಅಂಶ ಫ್ಲೋರೈಡ್ ಮೈಗೆ ಸೇರುವುದನ್ನು ಕಡಿಮೆ ಮಾಡುತ್ತದೆ. ಆದ್ದರಿಂದ ಕರೆದ ಹಾಲನ್ನೆಲ್ಲ ಡೈರಿಗೆ ಹಾಕದೆ ಒಂದು ಲೋಟವನ್ನಾದರೂ ಮಗುವಿಗೆ ಉಳಿಸಿ. ಎಳೆಯ ಮಕ್ಕಳಿಗೆ ಟೀ ಕೊಡಬೇಡಿ, ಟೀ ಸೊಪ್ಪಿನಲ್ಲಿಯೂ ಫ್ಲೋರೈಡ್ ಇದೆ.

ಕಲೆ ಬಿದ್ದ ಹಲ್ಲು ಕೊಳಕು ಹಲ್ಲಲ್ಲ. ಅದನ್ನು ಕಂಡು ಮಕ್ಕಳನ್ನು ಹಂಗಿಸುವುದನ್ನು ಮೊದಲು ನಾವು ದೊಡ್ಡವರು ಬಿಡೋಣ. ನಾವು ಗದರಿದ ಆ ಹುಡುಗನಲ್ಲಿ ಅಂದೇ ಕ್ಷಮೆ ಕೇಳಿದೆವು. ಆಗ ಅವನು ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕನು.