ಸೋರಿಯಾಸಿಸ್: ಮೊದಲ ಗುರುತುಗಳನ್ನು ಅರಿಯೋಣ

ನಮ್ಮ ಶರೀರದ ಅವಯವಗಳಲ್ಲೆಲ್ಲ ಅತ್ಯಂತ ದೊಡ್ಡದು ಚರ್ಮ. ಹೊರಗಿನವರ ಕಣ್ಣಿಗೆ ಮೊದಲು ಬೀಳುವುದೂ ಅದೇ. ಆದುದರಿಂದಲೇ ಹೊಟ್ಟೆನೋವನ್ನೋ ತಲೆನೋವನ್ನೋ ಹತ್ತು ಜನರ ಮುಂದೆ ಹೇಳಿಕೊಳ್ಳುವ ನಾವು, ಮೊಣಕೈಯ ಮೇಲೆ ಎದ್ದ ಒಂದು ಕಲೆಯನ್ನು ಮಾತ್ರ ಅಂಗಿಯ ತೋಳನ್ನಿಳಿಸಿ ಮರೆಸುತ್ತೇವೆ. ಹೀಗೆ ಮರೆಸಲ್ಪಡುವ ರೋಗಗಳಲ್ಲಿ ಸೋರಿಯಾಸಿಸ್ ಮುಖ್ಯವಾದುದು.

ಒಂದು ಉದಾಹರಣೆಯನ್ನು ಎಣಿಸಿಕೊಳ್ಳೋಣ. ಊರಿನಿಂದ ಬಂದು ವೈಟ್ಟಿಲದ ಸಮೀಪದ ಒಂದು ಉಪಾಹಾರ ಗೃಹದಲ್ಲಿ ದುಡಿಯುತ್ತಿರುವ ಇಪ್ಪತ್ತೆರಡು ವರ್ಷದ ತರುಣ. ಅವನ ಎರಡೂ ಮೊಣಕೈಗಳ ಮೇಲೆ ರೂಪಾಯಿಯಗಲದ ದಪ್ಪನೆಯ ಕಲೆಗಳೆದ್ದು ಹೊಟ್ಟು ಉದುರುತ್ತಿದೆ. ಕೇರಳದಲ್ಲಿ 2023ರಿಂದ ಆಹಾರವನ್ನು ತಯಾರಿಸುವ ಮತ್ತು ಬಡಿಸುವ ನೌಕರರಿಗೆ ಹೆಲ್ತ್ ಕಾರ್ಡ್ ಕಡ್ಡಾಯವಾಗಿದೆ. ಅದಕ್ಕಾಗಿ ವೈದ್ಯರು ಚರ್ಮವನ್ನೂ ಪರೀಕ್ಷಿಸುತ್ತಾರೆ. ಕಲೆ ಕಂಡರೆ ಕೆಲಸ ಹೋದೀತೆಂಬ ಭಯದಿಂದ ಆತ ಔಷಧದ ಅಂಗಡಿಯಲ್ಲಿ ಯಾವುದೋ ಒಂದು ಮುಲಾಮನ್ನು ಕೊಂಡು ಹಚ್ಚತೊಡಗುತ್ತಾನೆ. ಕಲೆ ಒಂದು ವಾರದಲ್ಲಿ ಮಾಯುತ್ತದೆ. ಒಂದು ತಿಂಗಳಲ್ಲಿ ಇಮ್ಮಡಿಯಾಗಿ ಮರಳುತ್ತದೆ. ಈ ತರುಣನಿಗೆ ನಿಜವಾಗಿ ಬೇಕಾಗಿದ್ದುದು ಎರಡು ತಿಳಿವಳಿಕೆಗಳು: ತನಗಿರುವುದು ಅಂಟುರೋಗವಲ್ಲ ಎಂಬುದು ಒಂದು, ಅದರ ಗುರುತುಗಳು ಇಂಥವು ಎಂಬುದು ಇನ್ನೊಂದು. ಈ ಎರಡನ್ನೂ ತಿಳಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇದು ಎಂತಹ ರೋಗ?

ಹೊರಚರ್ಮದ ತಳದಲ್ಲಿ ಸದಾ ಹೊಸ ಜೀವಕೋಶಗಳು ಹುಟ್ಟುತ್ತಿರುತ್ತವೆ. ಅವು ಮೆಲ್ಲಮೆಲ್ಲನೆ ಮೇಲಕ್ಕೆ ಬಂದು, ಒಣಗಿ, ನಮ್ಮ ಅರಿವಿಗೆ ಬಾರದಂತೆ ಉದುರಿಹೋಗುತ್ತವೆ. ಆರೋಗ್ಯವಂತರಲ್ಲಿ ಈ ಪಯಣಕ್ಕೆ ಸುಮಾರು 1 ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಇದು ಕೆಲವೇ ದಿನಗಳಲ್ಲಿ ಮುಗಿದುಬಿಡುತ್ತದೆ. ಹಳೆಯವು ಉದುರುವ ಮೊದಲೇ ಹೊಸವು ಬಂದು ಸೇರುವುದರಿಂದ ಪದರದ ಮೇಲೆ ಪದರ ಕೂಡಿ ಚರ್ಮ ದಪ್ಪವಾಗುತ್ತದೆ, ಬೆಳ್ಳಿಯಂತೆ ಹೊಳೆಯುವ ಹೊಟ್ಟು ಏಳುತ್ತದೆ.

ಈ ಅವಸರಕ್ಕೆ ಕಾರಣವೇನು? ಹೊರಗಿನ ಶತ್ರುಗಳಿಂದ ದೇಹವನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ತನ್ನ ಚರ್ಮವನ್ನು ಕೆರಳಿಸುವುದು. ಇಲ್ಲಿ ರೋಗಾಣುವೂ ಇಲ್ಲ, ಹುಳುವೂ ಇಲ್ಲ. ಆದುದರಿಂದ ಮುಟ್ಟುವುದರಿಂದಾಗಲಿ, ಜೊತೆಯಲ್ಲಿ ಉಣ್ಣುವುದರಿಂದಾಗಲಿ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದಾಗಲಿ ಇದು ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ. ಮನೆತನದಲ್ಲಿ ಯಾರಿಗಾದರೂ ಇದ್ದರೆ ಬರುವ ಸಂಭವ ಹೆಚ್ಚು ಎಂಬುದು ನಿಜ; ಆದರೆ ತಂದೆಗಿದ್ದ ಮಾತ್ರಕ್ಕೆ ಮಗನಿಗೆ ಬಂದೇ ಬರುವುದೆಂದು ಹೇಳಲಾಗದು. ಯಾವ ವಯಸ್ಸಿನಲ್ಲಾದರೂ ತೋರಬಹುದಾದ ಈ ರೋಗ ಯೌವನದಲ್ಲಿಯೂ ಐವತ್ತು ಅರವತ್ತರ ನಡುವೆಯೂ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಮೊದಲು ಕಾಣುವುದು ಎಲ್ಲಿ, ಹೇಗೆ?

ಮೊಣಕೈ, ಮೊಣಕಾಲು, ನೆತ್ತಿ, ಸೊಂಟದ ಹಿಂಭಾಗ, ಹೊಕ್ಕುಳ ಸುತ್ತ ಮತ್ತು ಕಿವಿಯ ಹಿಂದೆ - ಇವು ಸೋರಿಯಾಸಿಸ್ ತನ್ನ ಮೊದಲ ಗುರುತನ್ನು ಇಡುವ ಸ್ಥಳಗಳು. ಕಲೆಯ ಅಂಚು ಸ್ಪಷ್ಟವಾಗಿರುತ್ತದೆ. ಎಲ್ಲಿ ಮುಗಿದು ಎಲ್ಲಿ ಒಳ್ಳೆಯ ಚರ್ಮ ಆರಂಭವಾಯಿತೆಂಬುದನ್ನು ಬೆರಳಿನಿಂದ ಮುಟ್ಟಿಯೇ ಹೇಳಬಹುದು. ಬಲಗೈಯಲ್ಲಿದ್ದಂತೆ ಎಡಗೈಯಲ್ಲಿಯೂ, ಹೀಗೆ ಎರಡೂ ಬದಿಗಳಲ್ಲಿ ಸಮನಾಗಿ ಕಾಣಿಸಿಕೊಳ್ಳುವುದು ಇದರ ಇನ್ನೊಂದು ಲಕ್ಷಣ. ತುರಿಕೆ ಕೆಲವರಿಗೆ ಅತಿಯಾಗಿಯೂ ಕೆಲವರಿಗೆ ಅತ್ಯಲ್ಪವಾಗಿಯೂ ಇರುತ್ತದೆ. ತುರಿಕೆ ಇಲ್ಲವೆಂದು ನಿರ್ಲಕ್ಷಿಸುವಂತಿಲ್ಲ.

ಪಾಶ್ಚಾತ್ಯರ ಪುಸ್ತಕಗಳಲ್ಲಿ ಈ ಕಲೆಗಳನ್ನು ಕೆಂಪು ಎಂದು ವರ್ಣಿಸಿರುತ್ತಾರೆ. ನಮ್ಮ ಕಂದುಬಣ್ಣದ ಮೈಯಲ್ಲಿ ಆ ಕೆಂಪು ಅಷ್ಟಾಗಿ ತೋರುವುದಿಲ್ಲ. ನೇರಳೆ ಮಿಶ್ರಿತವಾಗಿ, ಕಡುಕಂದಾಗಿ ಅಥವಾ ಬೂದುಬಣ್ಣವಾಗಿ ಕಾಣುವುದುಂಟು. ಕೆಂಪಿಲ್ಲವಾದ ಕಾರಣ ಇದು ಸೋರಿಯಾಸಿಸ್ ಅಲ್ಲವೆಂದು ತೀರ್ಮಾನಿಸಬಾರದು.

ಗಾಯವಾದ ಜಾಗದಲ್ಲಿಯೇ ರೋಗ ಮೂಡುವುದು ಇನ್ನೊಂದು ವಿಶೇಷ. ತರಕಾರಿ ಹೆಚ್ಚುವಾಗ ಕೊಯ್ದ ಗೀರು, ಕಾವಲಿ ತಾಗಿ ಸುಟ್ಟ ಗುರುತು, ಬೆಲ್ಟು ಉಜ್ಜಿದ ಸೊಂಟ - ಇಂತಹ ಕಡೆ ಒಂದೆರಡು ವಾರಗಳ ಬಳಿಕ ಅದೇ ಗೆರೆಯುದ್ದಕ್ಕೂ ಹೊಟ್ಟು ಎದ್ದರೆ ಸಂಶಯಪಡತಕ್ಕದ್ದು. ಜರ್ಮನಿಯ ವೈದ್ಯ ಕೋಬ್ನರ್ 19ನೆಯ ಶತಮಾನದಲ್ಲಿಯೇ ಇದನ್ನು ಗುರುತಿಸಿದ್ದನು. ಇಂದಿಗೂ ಅದು ಅವನ ಹೆಸರಿನಲ್ಲೇ ಇದೆ.

ಮಕ್ಕಳಲ್ಲಿ ಮತ್ತು ತರುಣರಲ್ಲಿ ರೋಗ ಬೇರೊಂದು ವೇಷದಲ್ಲಿ ಬರುವುದುಂಟು. ಗಂಟಲುನೋವು ಬಂದು ಹೋದ ಎರಡು ಮೂರು ವಾರಗಳಲ್ಲಿ, ಮಳೆಹನಿ ಎರಚಿದಂತೆ ಎದೆ ಬೆನ್ನುಗಳ ಮೇಲೆಲ್ಲ ಸಣ್ಣ ಸಣ್ಣ ಹೊಟ್ಟಿನ ಗುಳ್ಳೆಗಳು ಒಮ್ಮೆಗೇ ಏಳುತ್ತವೆ. ಇಂತಹ ಸಂದರ್ಭದಲ್ಲಿ ಗಂಟಲುನೋವಿನ ಸಂಗತಿಯನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು.

ನೆತ್ತಿ, ಉಗುರು, ಮಡಿಕೆ

ತಲೆಯ ಹೊಟ್ಟು ಯಾರಿಗಿಲ್ಲ? ಆದರೆ ಸಾಮಾನ್ಯ ಹೊಟ್ಟು ತೆಳುವಾಗಿ, ಜಿಡ್ಡಾಗಿ ಇಡೀ ತಲೆಯಲ್ಲಿ ಹರಡಿರುತ್ತದೆ. ಸೋರಿಯಾಸಿಸ್‌ನ ಹೊಟ್ಟು ದಪ್ಪವಾಗಿ, ಒಣಗಿ, ಅಲ್ಲಲ್ಲಿ ತಟ್ಟೆಗಟ್ಟಿ ಕೂದಲಿನ ಗಡಿಯನ್ನು ದಾಟಿ ಹಣೆಗೂ ಕಿವಿಯ ಹಿಂಭಾಗಕ್ಕೂ ಇಳಿಯುತ್ತದೆ.

ಉಗುರು ಕೆಲವು ಸಲ ಚರ್ಮಕ್ಕಿಂತ ಮೊದಲೇ ಸುಳಿವು ಕೊಡುತ್ತದೆ. ಸೂಜಿಯ ಮೊನೆಯಿಂದ ಚುಚ್ಚಿದಂತೆ ಸಣ್ಣ ಕುಳಿಗಳು, ಉಗುರಿನಡಿಯಲ್ಲಿ ಎಣ್ಣೆಯ ಹನಿಯಂತಹ ಹಳದಿ ಕಂದು ಮಚ್ಚೆ, ತುದಿಯಲ್ಲಿ ಉಗುರು ಮಾಂಸದಿಂದ ಬಿಟ್ಟುಕೊಳ್ಳುವುದು, ದಪ್ಪಗಾಗಿ ಪುಡಿಯಾಗುವುದು - ಇವನ್ನು ಕಂಡರೆ ಮೈಯನ್ನೊಮ್ಮೆ ಪೂರ್ತಿಯಾಗಿ ನೋಡಿಸಿಕೊಳ್ಳಬೇಕು.

ಕಂಕುಳು, ತೊಡೆಸಂದು, ಸ್ತನದ ಅಡಿಭಾಗ ಮೊದಲಾದ ಮಡಿಕೆಗಳಲ್ಲಿ ಬೆವರಿನ ತೇವದಿಂದ ಹೊಟ್ಟು ನಿಲ್ಲುವುದಿಲ್ಲ. ಅಲ್ಲಿ ಕಲೆ ನುಣುಪಾಗಿ ಹೊಳೆಯುತ್ತದೆ. ಕೊಚ್ಚಿಯಂತಹ ಸೆಕೆಯ ಊರಿನಲ್ಲಿ ಇದನ್ನು ಬೂಷ್ಟಿನ ಸೋಂಕೆಂದು ತಪ್ಪಾಗಿ ತಿಳಿಯುವುದು ಬಹಳ ಸುಲಭ. ಅಂಗೈ ಅಂಗಾಲುಗಳಲ್ಲಾದರೋ ಚರ್ಮ ದಪ್ಪಗಾಗಿ ಬಿರಿಯುತ್ತದೆ. ಸದಾ ನೀರು ಸೋಪುಗಳಲ್ಲಿ ಕೈಯಾಡಿಸುವವರು ಇದನ್ನು ಸೋಪಿನ ದೋಷವೆಂದೇ ಬಗೆದು ವರ್ಷಗಟ್ಟಲೆ ಸುಮ್ಮನಿರುವುದುಂಟು.

ಹುಳುಕಡ್ಡಿಯೋ? ಕುಷ್ಠವೋ?

ಹುಳುಕಡ್ಡಿಯು ಉಂಗುರದಾಕಾರದಲ್ಲಿ ಬೆಳೆಯುತ್ತದೆ; ಅಂಚು ಕೆರಳಿದ್ದು ನಡುವೆ ಚರ್ಮ ಗುಣವಾದಂತೆ ಕಾಣುತ್ತದೆ. ಒಂದೇ ಕೋಣೆಯಲ್ಲಿದ್ದು ಟವಲು ಬಟ್ಟೆಗಳನ್ನು ಹಂಚಿಕೊಳ್ಳುವ ಗೆಳೆಯರಿಗೂ ಅದು ಹರಡುತ್ತದೆ. ಸೋರಿಯಾಸಿಸ್ ಕಲೆ ನಡುವಿನಲ್ಲಿಯೂ ಸಮನಾಗಿ ದಪ್ಪವಿರುವುದೇ ಹೆಚ್ಚು, ಮತ್ತು ಅದು ಯಾರಿಗೂ ಅಂಟುವುದಿಲ್ಲ.

ಕುಷ್ಠದ ಭಯ ಹಳೆಯದು. ಯುರೋಪಿನಲ್ಲಿಯೂ ಶತಮಾನಗಳ ಕಾಲ ಸೋರಿಯಾಸಿಸ್ ರೋಗಿಗಳನ್ನು ಕುಷ್ಠರೋಗಿಗಳೊಡನೆ ಎಣಿಸುತ್ತಿದ್ದರು. ಇಂಗ್ಲೆಂಡಿನ ರಾಬರ್ಟ್ ವಿಲ್ಲನ್ 19ನೆಯ ಶತಮಾನದ ಆರಂಭದಲ್ಲಿ ಈ ಕಲೆಗಳನ್ನು ವಿವರವಾಗಿ ವರ್ಣಿಸಿದನು. ವಿಯೆನ್ನಾದ ಹೆಬ್ರಾ 1841ರಲ್ಲಿ ಎರಡೂ ಬೇರೆ ಬೇರೆ ರೋಗಗಳೆಂದು ಸ್ಪಷ್ಟಪಡಿಸಿದನು. ಕುಷ್ಠದ ಕಲೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದಿರುತ್ತದೆ. ಬಿಸಿ, ತಣ್ಣಗೆ, ಚುಚ್ಚು ಯಾವುದೂ ಚೆನ್ನಾಗಿ ತಿಳಿಯುವುದಿಲ್ಲ, ತುರಿಕೆಯೂ ಇರುವುದಿಲ್ಲ. ಸೋರಿಯಾಸಿಸ್‌ನಲ್ಲಿ ಸ್ಪರ್ಶಜ್ಞಾನಕ್ಕೆ ಕುಂದಿಲ್ಲ. ಮರಗಟ್ಟಿದ ಕಲೆಯೇನಾದರೂ ಇದ್ದರೂ ಎದೆಗುಂದಬೇಕಾಗಿಲ್ಲ. ಕುಷ್ಠವು ಇಂದು ಔಷಧದಿಂದ ಪೂರ್ಣವಾಗಿ ಗುಣವಾಗುವ ರೋಗ, ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಔಷಧ ಉಚಿತ. ಆದರೆ ಯಾವುದು ಯಾವುದೆಂದು ಕೊನೆಯದಾಗಿ ಹೇಳಬೇಕಾದವರು ವೈದ್ಯರೇ ಹೊರತು ನಾವಲ್ಲ.

ಅಂಗಡಿಯ ಮುಲಾಮಿನ ಅಪಾಯ

ನಮ್ಮ ತರುಣ ಹಚ್ಚಿಕೊಂಡ ಮುಲಾಮಿನಲ್ಲಿ ಬಹುಶಃ ಪ್ರಬಲವಾದ ಸ್ಟೀರಾಯ್ಡ್ ಇದ್ದಿರಬೇಕು. ಸ್ಟೀರಾಯ್ಡ್ ಮುಲಾಮು ಕೆಟ್ಟದ್ದಲ್ಲ. ವೈದ್ಯರು ಸೋರಿಯಾಸಿಸ್‌ಗೂ ಅದನ್ನು ಕೊಡುತ್ತಾರೆ. ಎಷ್ಟು ದಿನ, ಎಲ್ಲಿ, ಎಷ್ಟು ಎಂಬ ಅಳತೆಯಿಲ್ಲದೆ ಹಚ್ಚಿದಾಗ ಚರ್ಮ ತೆಳುವಾಗುತ್ತದೆ, ನಿಲ್ಲಿಸಿದೊಡನೆ ರೋಗ ರೊಚ್ಚಿಗೇಳುತ್ತದೆ. ಅದು ಹುಳುಕಡ್ಡಿಯಾಗಿದ್ದರೆ ಇನ್ನೂ ಹರಡುತ್ತದೆ. ಈ ದುರುಪಯೋಗವನ್ನು ತಡೆಯಲೆಂದೇ ಕೇಂದ್ರ ಸರ್ಕಾರವು 2018ರಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಸ್ಟೀರಾಯ್ಡ್ ಮಾತ್ರೆ ಅಥವಾ ಚುಚ್ಚುಮದ್ದಾದರೆ ಅಪಾಯ ಮತ್ತೂ ಹೆಚ್ಚು. ಅದನ್ನು ಥಟ್ಟನೆ ನಿಲ್ಲಿಸಿದಾಗ ಮೈಯೆಲ್ಲ ಕೀವುಗುಳ್ಳೆಗಳೇಳುವ ಸಂಭವವಿದೆ. ಮೈಯ ಬಹುಭಾಗ ಕೆಂಪಾಗಿ ಚಳಿಜ್ವರ ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೊಟ್ಟನ್ನು ಕೆರೆದು ತೆಗೆಯುವುದೂ ತಪ್ಪು. ಕೆರೆದಲ್ಲಿ ರಕ್ತದ ಸಣ್ಣ ಬಿಂದುಗಳು ಕಾಣಿಸುತ್ತವೆ. ಗಾಯವಾದೆಡೆ ರೋಗ ಮತ್ತೆ ಮೂಡುತ್ತದೆ. ಮದ್ಯಪಾನ, ಧೂಮಪಾನ, ಮನಸ್ಸಿನ ಚಿಂತೆ, ಗಂಟಲಿನ ಸೋಂಕು ಇವೆಲ್ಲ ರೋಗವನ್ನು ಕೆರಳಿಸುತ್ತವೆ. ರಕ್ತದೊತ್ತಡ, ಮಲೇರಿಯ ಹಾಗೂ ಮನೋರೋಗಗಳಿಗೆ ಕೊಡುವ ಕೆಲವು ಔಷಧಗಳೂ ಕೆರಳಿಸುವುದುಂಟು. ಅವನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಕೀಲುಗಳು ಕೊಡುವ ಎಚ್ಚರಿಕೆ

ಸೋರಿಯಾಸಿಸ್ ಕೇವಲ ಚರ್ಮದ ರೋಗವಲ್ಲ. ರೋಗಿಗಳಲ್ಲಿ ನೂರಕ್ಕೆ ಮೂವತ್ತರವರೆಗೂ ಜನರಿಗೆ ಕೀಲುವಾತ ಸೇರಿಕೊಳ್ಳಬಹುದು. ಹೆಚ್ಚಿನವರಲ್ಲಿ ಚರ್ಮದ ಕಲೆ ಮೊದಲು ಬಂದು, ವರ್ಷಗಳ ನಂತರ ಕೀಲುನೋವು ಬರುತ್ತದೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗಿಂತ ಹೆಚ್ಚು ಕಾಲ ಬೆರಳುಗಳು ಬಿಗಿದಿರುವುದು, ಒಂದು ಬೆರಳು ಬುಡದಿಂದ ತುದಿಯವರೆಗೆ ಇಡಿಯಾಗಿ ಊದುವುದು, ಹಿಮ್ಮಡಿ ನೋಯುವುದು, ವಿಶ್ರಾಂತಿಯಲ್ಲಿ ಹೆಚ್ಚಿ ನಡೆದಾಡಿದಾಗ ಇಳಿಯುವ ಸೊಂಟನೋವು - ಇವು ಅದರ ಲಕ್ಷಣಗಳು. ನಿಂತೇ ದುಡಿಯುವವರು ಇದನ್ನು ದಣಿವೆಂದು ತಳ್ಳಿಹಾಕುತ್ತಾರೆ. ಆದರೆ ಸವೆದು ಸೊಟ್ಟಗಾದ ಕೀಲು ಮತ್ತೆ ಮೊದಲಿನಂತಾಗದು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಆ ಹಾನಿಯನ್ನು ತಡೆಯಬಹುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ತೀವ್ರ ರೋಗವಿರುವವರಲ್ಲಿ ಮಧುಮೇಹ ಮತ್ತು ಹೃದ್ರೋಗಗಳ ಸಂಭವವೂ ಹೆಚ್ಚು. ಆದುದರಿಂದ ತೂಕ, ರಕ್ತದೊತ್ತಡ, ಸಕ್ಕರೆ ಇವುಗಳ ಮೇಲೂ ಗಮನವಿರಲಿ.

ಚಿಕಿತ್ಸೆ

ಸೋರಿಯಾಸಿಸ್ ಬೇರುಸಹಿತ ಹೋಗುವ ರೋಗವಲ್ಲ. ಹಾಗೆಂದು ವಾಗ್ದಾನ ಮಾಡುವ ಜಾಹೀರಾತುಗಳನ್ನು ನಂಬಬಾರದು. ಆದರೆ ಅದನ್ನು ಹತೋಟಿಯಲ್ಲಿಡಲು ಇಂದು ಹಿಂದೆಂದಿಗಿಂತಲೂ ಹೆಚ್ಚು ಉಪಾಯಗಳಿವೆ. ಸ್ನಾನದ ಬಳಿಕ ತೆಂಗಿನೆಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ ಚರ್ಮವನ್ನು ಮೃದುವಾಗಿಡುವುದು ಮೊದಲ ಹೆಜ್ಜೆ. ಅನಂತರ ವೈದ್ಯರು ಸೂಚಿಸಿದ ಮುಲಾಮುಗಳು, ಅತಿನೇರಳೆ ಕಿರಣಗಳ ಚಿಕಿತ್ಸೆ, ಮೆಥೊಟ್ರೆಕ್ಸೇಟ್‌ನಂತಹ ಮಾತ್ರೆಗಳು. ಈ ಮಾತ್ರೆಯನ್ನು ಸೇವಿಸುವುದು ವಾರಕ್ಕೊಂದು ದಿನ ಮಾತ್ರ. ಪ್ರತಿದಿನವೂ ನುಂಗಿದರೆ ಪ್ರಾಣಾಪಾಯ. ಗರ್ಭಿಣಿಯರು ಇದನ್ನು ಸೇವಿಸುವಂತಿಲ್ಲ. ತೀವ್ರ ರೋಗಕ್ಕೆ ಜೈವಿಕ ಚುಚ್ಚುಮದ್ದುಗಳೂ ಬಂದಿವೆ. ಅವುಗಳಲ್ಲೊಂದಾದ ಇಟೊಲಿಜುಮ್ಯಾಬ್ ಅನ್ನು ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆ 2013ರಲ್ಲಿ ಭಾರತದಲ್ಲಿ ಬಳಕೆಗೆ ತಂದಿತು.

ವೈದ್ಯರಲ್ಲಿ ಏನು ಹೇಳಬೇಕು?

ಪರಭಾಷೆಯ ಊರಿನಲ್ಲಿ ರೋಗವನ್ನು ವಿವರಿಸುವುದೂ ಒಂದು ಕಷ್ಟ. ಮಲಯಾಳದಲ್ಲಿ ಚರ್ಮಕ್ಕೆ ‘ತೊಲಿ’, ತುರಿಕೆಗೆ ‘ಚೊರಿಚ್ಚಿಲ್’, ಮರಗಟ್ಟುವುದಕ್ಕೆ ‘ಮರವಿಪ್ಪ್’, ಕೀಲುನೋವಿಗೆ ‘ಸಂಧಿವೇದನ’ ಎನ್ನುತ್ತಾರೆ. ನಮ್ಮ ಮಾತುಗಳಿಗೆ ಇವು ದೂರದವಲ್ಲ. ಕಲೆ ಎಂದಿನಿಂದ ಇದೆ, ಎಲ್ಲೆಲ್ಲಿದೆ, ಮನೆಯಲ್ಲಿ ಯಾರಿಗಾದರೂ ಇತ್ತೇ, ಯಾವ ಮುಲಾಮು ಹಚ್ಚಿದಿರಿ, ಕೀಲು ನೋಯುತ್ತದೆಯೇ - ಈ ಐದು ಸಂಗತಿಗಳನ್ನು ಬರೆದುಕೊಂಡು ಹೋಗಿರಿ. ಹಚ್ಚಿದ ಮುಲಾಮಿನ ಟ್ಯೂಬನ್ನೂ ಒಯ್ಯಿರಿ. ವೈಟ್ಟಿಲದವರಿಗೆ ಎರ್ನಾಕುಲಂ ಜನರಲ್ ಆಸ್ಪತ್ರೆಯೂ ಕಳಮಶ್ಶೇರಿಯ ಸರ್ಕಾರಿ ವೈದ್ಯಕೀಯ ಕಾಲೇಜೂ ದೂರವಲ್ಲ. ತಿರುವನಂತಪುರದ ಬಂಧುಗಳಿಗೆ ಅಲ್ಲಿಯ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ.

ಹೆಲ್ತ್ ಕಾರ್ಡಿನ ವಿಷಯ? ಆ ಪರೀಕ್ಷೆ ಹುಡುಕುವುದು ಹರಡುವ ರೋಗಗಳನ್ನು. ಸೋರಿಯಾಸಿಸ್ ಆ ಗುಂಪಿಗೆ ಸೇರಿದುದಲ್ಲ. ಕೈ ಬಿರಿದು ರಕ್ತ ಒಸರುತ್ತಿದ್ದರೆ ಮಾತ್ರ ಅದು ಮಾಯುವವರೆಗೆ ಆಹಾರವನ್ನು ಮುಟ್ಟುವ ಕೆಲಸದಿಂದ ದೂರವಿರುವುದು ಲೇಸು. ಕೆಲಸಕ್ಕಿಟ್ಟುಕೊಂಡ ಹಿರಿಯರಲ್ಲಿಯೂ ಒಂದು ವಿನಂತಿ: ಕಲೆ ಕಂಡೊಡನೆ ಹುಡುಗನನ್ನು ಊರಿಗೆ ಅಟ್ಟಬೇಡಿ, ಚರ್ಮವೈದ್ಯರಲ್ಲಿಗೆ ಕಳುಹಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2014ರಲ್ಲಿ ಸೋರಿಯಾಸಿಸ್ ಕುರಿತು ನಿರ್ಣಯವನ್ನು ಅಂಗೀಕರಿಸಿದಾಗ, ರೋಗದ ಜೊತೆಗೆ ರೋಗಿಗಳು ಅನುಭವಿಸುವ ತಿರಸ್ಕಾರವನ್ನೂ ಹೋಗಲಾಡಿಸಬೇಕೆಂದು ಕರೆಕೊಟ್ಟವು. ಪ್ರತಿವರ್ಷ ಅಕ್ಟೋಬರ್ 29ರಂದು ವಿಶ್ವ ಸೋರಿಯಾಸಿಸ್ ದಿನವನ್ನು ಆಚರಿಸುವುದೂ ಇದೇ ಉದ್ದೇಶದಿಂದ.

ಇಂದು ಸ್ನಾನದ ಹೊತ್ತಿನಲ್ಲಿ ಒಂದು ಕ್ಷಣ ನಿಂತು ನಿಮ್ಮ ಮೊಣಕೈ, ಮೊಣಕಾಲು, ನೆತ್ತಿ, ಉಗುರುಗಳನ್ನು ನೋಡಿಕೊಳ್ಳಿರಿ. ಸಂಶಯವಿದ್ದರೆ ಅಂಗಿಯ ತೋಳನ್ನು ಇಳಿಸಬೇಡಿ. ಮಡಿಸಿ ವೈದ್ಯರಿಗೆ ತೋರಿಸಿರಿ.